ಹೆಗಲು ಮುಟ್ಟಿಕೊಂಡವನೇ ಕಳ್ಳನೆ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ಗಾದೆಯನ್ನು ನಾನು ಕೇಳಬಾರದ ಹೊತ್ತಿನಲ್ಲಿ ಕೇಳಿದ್ದೇನೆ. ಯಾರದೋ ಮನೆಗೆ ಬೆಳಿಗ್ಗೆ ಎಫ್‌ಬಿಐ ಏಜೆಂಟರಿಬ್ಬರು ಬಂದು ಹೋಗಿರುತ್ತಾರೆ. ಇಲ್ಲವೇ, ನೀವು ತನಿಖೆಯ ಗುರಿಯಾಗಿದ್ದೀರಿ ಎಂಬ ಫೆಡರಲ್ ಪ್ರಾಸಿಕ್ಯೂಟರರ ಪತ್ರ ಅಂಚೆಯಲ್ಲಿ ಬಂದಿರುತ್ತದೆ. ಸಂಜೆಯೊಳಗೆ ಹಿತೈಷಿಗಳು ಸೇರುತ್ತಾರೆ, ಕಾಫಿ ಬರುತ್ತದೆ, ಸಲಹೆ ಶುರುವಾಗುತ್ತದೆ: ಈಗಲೇ ಲಾಯರ್ ಹಿಡಿಯಬೇಡ, ಹಿಡಿದರೆ ಹೆಗಲು ಮುಟ್ಟಿಕೊಂಡ ಹಾಗೆ.

ಫೆಡರಲ್ ಕೋರ್ಟಿನಿಂದ ಕರೆ ಬಂದಾಗ ಕನ್ನಡ ದುಭಾಷಿಯಾಗಿ ಹೋಗಿ ಕೂರುವುದು ನನ್ನ ಕೆಲಸಗಳಲ್ಲೊಂದು. ಮುಚ್ಚಿದ ಬಾಗಿಲೊಳಗೆ ಕೇಳಿದ್ದನ್ನು ನಾನು ಎಲ್ಲೂ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಆದರೆ ತೆರೆದ ಕೋರ್ಟಿನಲ್ಲಿ ಯಾರು ಬೇಕಾದರೂ ಬಂದು ಕುಳಿತು ನೋಡಬಹುದಾದದ್ದು ಸಾಕಷ್ಟಿದೆ, ಪ್ರಕಟವಾದ ತೀರ್ಪುಗಳಿವೆ, ಸರ್ಕಾರದ್ದೇ ಅಂಕಿಗಳಿವೆ. ಅವುಗಳನ್ನು ಮುಂದಿಟ್ಟುಕೊಂಡು ಈ ಹಿತೈಷಿಗಳ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಅವರ ಮಾತನ್ನು ತಿರುಚುವುದಿಲ್ಲ, ಅವರು ಹೇಳುವಷ್ಟೇ ಬಲವಾಗಿ ಹೇಳುತ್ತೇನೆ. ತೂಗಿ ನೋಡುವ ಕೆಲಸ ಓದುಗರದು.

ಮೊದಲನೆಯ ವಾದ: ತಪ್ಪು ಮಾಡಿದವನಿಗೆ ವಕೀಲ ಬೇಕು, ತಪ್ಪು ಮಾಡದವನಿಗೆ ಸತ್ಯವೇ ಸಾಕು. ಕೇಳಲು ಹಿತವಾಗಿದೆ. ಆದರೆ ಈ ಮಾತಿನ ಹೊಟ್ಟೆಯಲ್ಲಿ ಇನ್ನೊಂದು ಮಾತು ಅಡಗಿದೆ: ಸತ್ಯ ತಾನಾಗಿಯೇ ನಡೆದು ಹೋಗಿ ಪ್ರಾಸಿಕ್ಯೂಟರರ ಮೇಜಿನ ಮೇಲೆ ಕೂರುತ್ತದೆ ಎಂಬುದು. ಅದು ನಿಜವೇ ಎಂದು ನೋಡೋಣ. 2015ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಷಿಯಾವ್‌ಷಿಂಗ್ ಷಿ ಅವರನ್ನು ಬೆಳಗಿನ ಜಾವ ಮನೆಗೆ ಬಂದ ಬಂದೂಕುಧಾರಿ ಏಜೆಂಟರು ಬಂಧಿಸಿದರು. ‘ಪಾಕೆಟ್ ಹೀಟರ್’ ಎಂಬ ಉಪಕರಣದ ನಕ್ಷೆಯನ್ನು ಚೀನಾದ ವಿಜ್ಞಾನಿಗಳಿಗೆ ಇಮೇಲ್ ಮಾಡಿದ್ದಾರೆ ಎಂಬುದು ಆರೋಪ. ಅತಿವಾಹಕ ವಸ್ತುವಿನ ತೆಳು ಪದರ ತಯಾರಿಸಲು ಬಳಸುವ ಉಪಕರಣವದು. ವೈರ್ ಫ್ರಾಡ್, ಅಂದರೆ ಇಮೇಲ್ ಫೋನ್‌ಗಳ ಮೂಲಕ ನಡೆಸುವ ವಂಚನೆಯ 4 ಆರೋಪಗಳು, ಎಲ್ಲ ಸೇರಿಸಿದರೆ ಗರಿಷ್ಠ 80 ವರ್ಷದ ಶಿಕ್ಷೆ. ನಕ್ಷೆ ಸರ್ಕಾರದ ಕೈಯಲ್ಲೇ ಇತ್ತು. ಆದರೆ ಅದನ್ನು ಓದಬಲ್ಲವರು ಸರ್ಕಾರದ ಕಡೆ ಇರಲಿಲ್ಲ. ಷಿ ಅವರ ವಕೀಲರು ಆ ನಕ್ಷೆಯನ್ನು ಆ ಕ್ಷೇತ್ರದ ವಿಜ್ಞಾನಿಗಳಿಗೆ ತೋರಿಸಿ ಪ್ರಮಾಣಪತ್ರಗಳನ್ನು ಬರೆಸಿಕೊಂಡರು. ಬರೆದುಕೊಟ್ಟವರಲ್ಲಿ ಪಾಕೆಟ್ ಹೀಟರಿನ ಸಹ-ಆವಿಷ್ಕಾರಕರೂ ಒಬ್ಬರು. ಇದು ನಮ್ಮ ಉಪಕರಣವೇ ಅಲ್ಲ, ಬೇರೆ ಸಾಧನ ಎಂದು ಅವರು ಸ್ಪಷ್ಟಪಡಿಸಿದರು. ಸೆಪ್ಟೆಂಬರಿನಲ್ಲಿ ಸರ್ಕಾರ ತಾನೇ ಮೊಕದ್ದಮೆ ಕೈಬಿಟ್ಟಿತು.

ಈಗ ಹಿತೈಷಿಗಳಿಗೆ ನನ್ನ ಪ್ರಶ್ನೆ ನೇರವಾದದ್ದು. ಬಂಧನದ ದಿನವೂ ಷಿ ನಿರಪರಾಧಿಯೇ ಆಗಿದ್ದರು, ಸತ್ಯ ಆ ದಿನವೂ ಅವರ ಕಡೆಯೇ ಇತ್ತು. ಹಾಗಿದ್ದೂ ಅದು ಅವರನ್ನು ಕೈಕೋಳದಿಂದ ಉಳಿಸಲಿಲ್ಲ. ಮೇಯಿಂದ ಸೆಪ್ಟೆಂಬರಿನ ನಡುವೆ ಬದಲಾದದ್ದೇನು? ಸತ್ಯ ಬದಲಾಗಲಿಲ್ಲ. ಅದನ್ನು ಎಲ್ಲಿಗೆ, ಯಾರ ಸಹಿಯೊಂದಿಗೆ, ಯಾವ ರೂಪದಲ್ಲಿ ಒಯ್ಯಬೇಕೆಂದು ಬಲ್ಲವರೊಬ್ಬರು ಅದನ್ನು ಒಯ್ದರು. ಅಧಿಕಾರ, ಹೆಸರು ಇದ್ದವರಿಗೆ ಇದರ ಗೊಡವೆ ಬೇಕಿಲ್ಲ ಎನ್ನುವವರು ಅಲಾಸ್ಕದ ಸೆನೆಟರ್ ಟೆಡ್ ಸ್ಟೀವನ್ಸ್ ಅವರನ್ನು ನೆನೆಯಲಿ. 2008ರ ಅಕ್ಟೋಬರಿನಲ್ಲಿ ಅವರು ತಪ್ಪಿತಸ್ಥರೆಂದು ಜ್ಯೂರಿ ಹೇಳಿತು. ಮುಂದಿನ ವಾರದ ಚುನಾವಣೆಯಲ್ಲಿ ಅವರು ಸೋತರು. ಆರೋಪಿಗೆ ಅನುಕೂಲವಾಗಬಹುದಾಗಿದ್ದ ಸಾಕ್ಷ್ಯವನ್ನು ಪ್ರಾಸಿಕ್ಯೂಟರರು ಬಚ್ಚಿಟ್ಟಿದ್ದರೆಂದು ಬಯಲಾಗಿ, 2009ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಆ ತೀರ್ಪನ್ನೇ ರದ್ದು ಮಾಡಿದರು. ಅಂಥ ಸಾಕ್ಷ್ಯ ಕೊಡಲೇಬೇಕೆಂಬ ಸುಪ್ರೀಂ ಕೋರ್ಟಿನ ನಿಯಮ 1963ರಿಂದಲೂ ಇದೆ. ನಿಯಮ ಇರುವುದು ಬೇರೆ, ಅದನ್ನು ಪಾಲಿಸಿದ್ದೀರಾ ಎಂದು ಬೆನ್ನುಬಿಡದೆ ಕೇಳುವವರು ಇರುವುದು ಬೇರೆ.

ಎರಡನೆಯ ವಾದ ಮೊದಲನೆಯದರ ಮಗು: ಮನೆಗೆ ಬಂದವರನ್ನು ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಳಿಸು, ಬಾಯಿ ಮುಚ್ಚಿಕೊಂಡರೆ ಅನುಮಾನ ಹೆಚ್ಚುತ್ತದೆ. ಎಲ್ಲಕ್ಕಿಂತ ಹೆಚ್ಚು ಸಂಸಾರಗಳನ್ನು ಹಾಳು ಮಾಡಿದ್ದು ಈ ಸಲಹೆಯೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಫೆಡರಲ್ ಅಧಿಕಾರಿಗೆ ಮಹತ್ವದ ವಿಷಯವೊಂದರಲ್ಲಿ ಗೊತ್ತಿದ್ದೂ ಸುಳ್ಳು ಹೇಳುವುದು ಅಮೆರಿಕದಲ್ಲಿ ಪ್ರತ್ಯೇಕ ಅಪರಾಧ. ದಂಡಸಂಹಿತೆಯ 1001ನೇ ಕಲಮು, ಸಾಮಾನ್ಯವಾಗಿ 5 ವರ್ಷದವರೆಗೆ ಜೈಲು. ಪ್ರಮಾಣ ಮಾಡಿ ಹೇಳಿರಬೇಕೆಂದಿಲ್ಲ, ಕಾಗದಕ್ಕೆ ಸಹಿ ಹಾಕಿರಬೇಕೆಂದಿಲ್ಲ, ಮನೆಯ ಸೋಫಾದ ಮೇಲೆ ಕೂತು ಹೇಳಿದ್ದರೂ ಸಾಕು. ಗಾಬರಿಯಲ್ಲಿ ‘ಇಲ್ಲ’ ಎಂದ ಒಂದೇ ಶಬ್ದಕ್ಕೂ ಇದು ಅನ್ವಯಿಸುತ್ತದೆಯೇ? ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 1998ರ ಬ್ರೋಗನ್ ಪ್ರಕರಣದಲ್ಲಿ ತೀರ್ಮಾನಿಸಿತು. ಇನ್ನೊಂದು ಕಡೆ, ಪ್ರಶ್ನಿಸುವ ಪೊಲೀಸರು ನಿಮಗೆ ಸುಳ್ಳು ಹೇಳಬಹುದು. ನಿನ್ನ ಜೊತೆಗಾರ ಆಗಲೇ ಬಾಯಿಬಿಟ್ಟಿದ್ದಾನೆ ಎಂದು ಸುಳ್ಳು ಹೇಳಿ ಪಡೆದ ತಪ್ಪೊಪ್ಪಿಗೆಯನ್ನು 1969ರಲ್ಲೇ ಅದೇ ನ್ಯಾಯಾಲಯ ಎತ್ತಿಹಿಡಿದಿದೆ. ಒಬ್ಬರಿಗೆ ಸುಳ್ಳಾಡುವ ಅವಕಾಶ, ಇನ್ನೊಬ್ಬರಿಗೆ ಅದಕ್ಕೆ ಜೈಲು. ಇಂಥ ಮೇಜಿನ ಎದುರು ಒಬ್ಬಂಟಿಯಾಗಿ ಕೂರು ಎನ್ನುವುದನ್ನು ಹಿತವಚನ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಆ ಮಾತುಕತೆ ದಾಖಲಾಗುವ ಬಗೆಯನ್ನೂ ನೋಡಬೇಕು. ಏಜೆಂಟರು ಸಾಮಾನ್ಯವಾಗಿ ಇಬ್ಬರಾಗಿ ಬರುತ್ತಾರೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಆಮೇಲೆ ಕಚೇರಿಗೆ ಹೋಗಿ ಎಫ್‌ಡಿ-302 ಎಂಬ ನಮೂನೆಯಲ್ಲಿ ತಮ್ಮ ಮಾತಿನಲ್ಲಿ ಸಾರಾಂಶ ಬರೆಯುತ್ತಾರೆ. ಬಂಧನದಲ್ಲಿರುವವರ ವಿಚಾರಣೆಯನ್ನು ಸಾಮಾನ್ಯವಾಗಿ ರೆಕಾರ್ಡ್ ಮಾಡಬೇಕೆಂಬ ನೀತಿ ಬಂದದ್ದೇ 2014ರಲ್ಲಿ. ಮನೆಬಾಗಿಲಿನ ಮಾತುಕತೆಗೆ ಅದು ಇಂದಿಗೂ ಅನ್ವಯಿಸುವುದಿಲ್ಲ. ಹಾಗಾಗಿ ಮುಂದೊಂದು ದಿನ ಕೋರ್ಟಿನಲ್ಲಿ ನೀವು ಆಡಿದ ಮಾತು ಇರುವುದಿಲ್ಲ, ನೀವು ಹೀಗೆಂದಿರಿ ಎಂದು ಇನ್ನೊಬ್ಬರು ಬರೆದದ್ದು ಇರುತ್ತದೆ.

ಇಲ್ಲಿ ನಮ್ಮವರಿಗೇ ವಿಶೇಷವಾದ ಒಂದು ಅಪಾಯವಿದೆ. ದುಭಾಷಿಯ ಕುರ್ಚಿಯಿಂದ ಅದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕನ್ನಡದಲ್ಲಿ ‘ಹೂಂ’ ಎಂದರೆ ಒಪ್ಪಿದೆ ಎಂದೇ ಅರ್ಥವಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂದೂ ಅರ್ಥ. ಅಜ್ಜಿ ಕಥೆ ಹೇಳುವಾಗ ಮೊಮ್ಮಗ ಹೂಂಗುಟ್ಟದಿದ್ದರೆ ಕಥೆ ನಿಂತುಬಿಡುತ್ತದೆ. ಇದೇ ಅಭ್ಯಾಸ ನಮ್ಮ ಇಂಗ್ಲಿಷಿಗೂ ಬರುತ್ತದೆ. ಎದುರಿನವರ ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತ ‘ಯೆಸ್, ಯೆಸ್’ ಅನ್ನುತ್ತೇವೆ. ‘ಹಾಗಾದರೆ ಆ ಇನ್‌ವಾಯ್ಸ್ ಸುಳ್ಳೆಂದು ನಿಮಗೆ ಗೊತ್ತಿತ್ತು?’ ಎಂಬ ಪ್ರಶ್ನೆ ಇನ್ನೂ ಮುಗಿಯುವ ಮೊದಲೇ ಬಂದ ಆ ‘ಯೆಸ್’ ವರದಿಯಲ್ಲಿ ಒಪ್ಪಿಗೆಯಾಗಿ ಕೂರುತ್ತದೆ. ತೆರೆದ ಕೋರ್ಟಿನಲ್ಲಾದರೆ ನ್ಯಾಯಾಧೀಶರು, ತಲೆಯಾಡಿಸಬೇಡಿ, ಬಾಯಿಬಿಟ್ಟು ಉತ್ತರ ಹೇಳಿ ಎಂದು ತಡೆಯುತ್ತಾರೆ, ಕೋರ್ಟಿನ ಶೀಘ್ರಲಿಪಿಗಾರ್ತಿ ಅಕ್ಷರ ಅಕ್ಷರ ಬರೆದುಕೊಳ್ಳುತ್ತಾರೆ, ಅನುಮಾನ ಬಂದರೆ ನಾನು ಕೈಯೆತ್ತಿ ಸ್ಪಷ್ಟನೆ ಕೇಳಬಹುದು. ಮನೆಯ ಹಜಾರದಲ್ಲಿ ಆ ರಕ್ಷಣೆಗಳಲ್ಲಿ ಒಂದೂ ಇರುವುದಿಲ್ಲ.

ಸರಿ, ಮಾತಾಡುವುದಿಲ್ಲ, ಸುಮ್ಮನೆ ಕೂತರಾಯಿತಲ್ಲ ಎನ್ನುವವರೂ ಇದ್ದಾರೆ. ಅದೂ ಸಾಲದು. ಬಂಧನಕ್ಕೆ ಮೊದಲು, ತಾನಾಗಿ ಮಾತಾಡುತ್ತಿದ್ದವನು ಒಂದು ಪ್ರಶ್ನೆಗೆ ಮಾತ್ರ ಮೌನವಾದರೆ, ಹಕ್ಕನ್ನು ಬಾಯಿಬಿಟ್ಟು ಕೇಳಿಕೊಳ್ಳದ ಆ ಮೌನವನ್ನು ಅವನ ವಿರುದ್ಧ ಬಳಸಬಹುದೆಂದು 2013ರ ಸಲಿನಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ‘ವಕೀಲರ ಜೊತೆ ಮಾತಾಡದೆ ನಾನು ಉತ್ತರ ಕೊಡುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು, ಅವರ ಕಾರ್ಡು ಇಸಿದುಕೊಳ್ಳಬೇಕು, ಬಾಗಿಲು ಹಾಕಬೇಕು. ಇಷ್ಟಕ್ಕೆ ಒರಟುತನ ಬೇಕಿಲ್ಲ, ನಮ್ಮ ಎಂದಿನ ಮರ್ಯಾದೆಯ ದನಿಯಲ್ಲೇ ಹೇಳಬಹುದು.

ತಿಳಿದವರೊಬ್ಬರು ಇಲ್ಲಿ ಅಡ್ಡ ಹಾಕುತ್ತಾರೆ: ಟಿವಿ ತಾರೆ, ಉದ್ಯಮಿ ಮಾರ್ಥಾ ಸ್ಟೂವರ್ಟ್ ತನಿಖೆಯವರ ಮುಂದೆ ಮಾತಾಡುವಾಗ ಪಕ್ಕದಲ್ಲಿ ವಕೀಲರಿರಲಿಲ್ಲವೇ? ಇದ್ದರು. ಪ್ರಶ್ನೆ ನ್ಯಾಯವಾದದ್ದೇ. ಆಕೆಯ ಮೇಲಿದ್ದ ಮೂಲ ಅನುಮಾನ ಒಳಗಿನ ಸುದ್ದಿ ತಿಳಿದು ಷೇರು ಮಾರಿದರು ಎಂಬುದು. ಆ ಕ್ರಿಮಿನಲ್ ಮೊಕದ್ದಮೆಯಲ್ಲಿ ಆ ಆರೋಪ ಹೊರಿಸಲೇ ಇಲ್ಲ. ಹೊರಿಸಿದ್ದ ಷೇರು ವಂಚನೆಯ ಆರೋಪವನ್ನು ನ್ಯಾಯಾಧೀಶರೇ ತೆಗೆದುಹಾಕಿದರು. 2004ರಲ್ಲಿ ಶಿಕ್ಷೆಯಾದದ್ದು ತನಿಖೆಯವರ ಮುಂದೆ ಆಡಿದ ಮಾತುಗಳಿಗೆ, ತನಿಖೆಗೆ ಅಡ್ಡಿಪಡಿಸಿದ್ದಕ್ಕೆ. 5 ತಿಂಗಳು ಜೈಲಿನಲ್ಲಿದ್ದರು. ವಕೀಲರು ಪಕ್ಕದಲ್ಲಿದ್ದೂ ಮಾತು ಇಷ್ಟು ದುಬಾರಿಯಾಯಿತು ಎಂದರೆ, ಪಕ್ಕದಲ್ಲಿ ಯಾರೂ ಇಲ್ಲದೆ ಮಾತಾಡು ಎಂಬ ಸಲಹೆಗೆ ಈ ಉದಾಹರಣೆ ಹೇಗೆ ಬೆಂಬಲವಾದೀತು? ಇದು ಅವರ ವಾದವನ್ನೇ ಕಡಿಯುತ್ತದೆ. ಮಾತಾಡಬೇಕೇ ಬೇಡವೇ ಎಂಬ ತೀರ್ಮಾನವೇ ವಕೀಲರ ಮೊದಲ ಕೆಲಸ, ಆ ತೀರ್ಮಾನ ಸರಿಯಾಗಬೇಕಾದರೆ ಕಕ್ಷಿದಾರ ತನ್ನ ವಕೀಲರಿಗೆ ಪೂರ್ತಿ ನಿಜ ಹೇಳಿರಬೇಕು. ಸರ್ಕಾರಕ್ಕೆ ಸಹಕರಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಹಕಾರದಿಂದ ಶಿಕ್ಷೆ ಗಣನೀಯವಾಗಿ ಇಳಿದ ಪ್ರಕರಣಗಳಿವೆ. ಆದರೆ ಆ ಸಹಕಾರ ಲಿಖಿತ ಒಪ್ಪಂದದ ಮೇಲೆ, ಯಾವ ಮಾತನ್ನು ಎಲ್ಲಿ ಬಳಸಬಹುದು ಎಂಬ ಷರತ್ತುಗಳೊಂದಿಗೆ, ವಕೀಲರ ಮೂಲಕ ನಡೆಯುತ್ತದೆ.

ಮೂರನೆಯ ವಾದದಲ್ಲಿ ಹಿತೈಷಿಗಳು ಅಂಕಿಗಳನ್ನು ತರುತ್ತಾರೆ. ಫೆಡರಲ್ ಕೋರ್ಟಿನಲ್ಲಿ ಯಾರೂ ಗೆಲ್ಲುವುದಿಲ್ಲ, ಗೆದ್ದವನು ಸೋತ, ಸೋತವನು ಸತ್ತ, ವಕೀಲರಿಗೆ ಸುರಿಯುವ ದುಡ್ಡಿನಲ್ಲಿ ಮಕ್ಕಳ ಓದಾದರೂ ಆಗುತ್ತದೆ. ಅಂಕಿ ನಿಜ, ನಾನೇ ಕೊಡುತ್ತೇನೆ. 2022ರ ಹಣಕಾಸು ವರ್ಷದಲ್ಲಿ ಫೆಡರಲ್ ಕ್ರಿಮಿನಲ್ ಮೊಕದ್ದಮೆಗಳ 71,954 ಆರೋಪಿಗಳಲ್ಲಿ ವಿಚಾರಣೆಗೆ ಹೋಗಿ ಖುಲಾಸೆಯಾದವರು 290 ಮಂದಿ ಮಾತ್ರ. ತಪ್ಪೊಪ್ಪಿಕೊಂಡವರು ಶೇ. 89.5.

ಮೊದಲು ಇವರ ಎರಡು ಮಾತುಗಳನ್ನು ಪಕ್ಕ ಪಕ್ಕ ಇಡಿ. ಸತ್ಯವಂತನಿಗೆ ವಕೀಲ ಬೇಡ, ಸತ್ಯ ತಾನೇ ಗೆಲ್ಲುತ್ತದೆ ಎಂದವರು ಇವರೇ. ಆ ಕೋರ್ಟಿನಲ್ಲಿ ಯಾರೂ ಗೆಲ್ಲುವುದಿಲ್ಲ ಎಂದವರೂ ಇವರೇ. ಮೊದಲ ಮಾತು ನಿಜವಾದರೆ ಎರಡನೆಯದು ಆ 71,954 ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಅಪರಾಧಿಗಳೇ ಎಂಬಲ್ಲಿಗೆ ಬಂದು ನಿಲ್ಲುತ್ತದೆ, ತಮ್ಮ ಎದುರು ಕೂತಿರುವ ಗೆಳೆಯನೂ ಸೇರಿದಂತೆ. ಎರಡನೆಯ ಮಾತು ನಿಜವಾದರೆ ಮೊದಲನೆಯದನ್ನು ಇವರು ವಾಪಸ್ ಪಡೆಯಬೇಕು. ಎರಡನ್ನೂ ಒಂದೇ ಸಂಜೆ, ಒಂದೇ ಕಾಫಿಯ ನಡುವೆ ಹೇಳಲು ಬರುವುದಿಲ್ಲ.

ಇನ್ನು ಅವರು ಬಿಟ್ಟುಬಿಡುವ ಅಂಕಿಯನ್ನು ನೋಡೋಣ. ಅದೇ ವರ್ಷ ಶೇ. 8.2 ಆರೋಪಿಗಳ ಮೊಕದ್ದಮೆಗಳು ವಜಾ ಆದವು. ಆರೋಪ ಹೊರಿಸುವ ಮೊದಲೇ ಪ್ರಾಸಿಕ್ಯೂಟರರು ಕೈಬಿಟ್ಟ ತನಿಖೆಗಳು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಅವಕ್ಕೆ ಮೊಕದ್ದಮೆ ಸಂಖ್ಯೆಯೇ ಇರುವುದಿಲ್ಲ. ವಕೀಲರ ದೊಡ್ಡ ಗೆಲುವುಗಳು ಎಷ್ಟೋ ಸಲ ಅಲ್ಲೇ ಆಗುತ್ತವೆ, ಸದ್ದಿಲ್ಲದೆ.

ಅದಕ್ಕಿಂತ ಮುಖ್ಯವಾಗಿ, ಗೆಲುವೆಂದರೆ ಖುಲಾಸೆ ಮಾತ್ರ ಎಂಬ ಎಣಿಕೆಯೇ ತಪ್ಪು. ನೂರಕ್ಕೆ ತೊಂಬತ್ತು ಮಂದಿ ತಪ್ಪೊಪ್ಪಿಕೊಳ್ಳುವ ವ್ಯವಸ್ಥೆಯಲ್ಲಿ ಜಗಳವೆಲ್ಲ ನಡೆಯುವುದು ಯಾವ ಆರೋಪಕ್ಕೆ, ಎಷ್ಟು ಮೊತ್ತಕ್ಕೆ, ಯಾವ ಒಕ್ಕಣೆಯಲ್ಲಿ ಎಂಬುದರ ಮೇಲೆ. ಶಿಕ್ಷೆಯ ಮಾರ್ಗಸೂಚಿಯಲ್ಲಿ 43 ಹಂತಗಳಿವೆ. 2005ರಿಂದ ಅದು ನ್ಯಾಯಾಧೀಶರಿಗೆ ಕಡ್ಡಾಯವಲ್ಲ, ಆದರೂ ಲೆಕ್ಕ ಅಲ್ಲಿಂದಲೇ ಶುರು. ವೈರ್ ಫ್ರಾಡ್ ತೆಗೆದುಕೊಳ್ಳಿ, 7ನೇ ಹಂತದಿಂದ ಆರಂಭ. 2015ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ನಷ್ಟ 2,50,000 ಡಾಲರ್ ದಾಟಿದರೆ 12 ಹಂತ ಸೇರಿ 19 ಆಗುತ್ತದೆ. ಹಿಂದೆ ಶಿಕ್ಷೆಯಾಗದವನಿಗೂ, ಬೇರೆ ಕಡಿತ ಹೆಚ್ಚಳಗಳನ್ನು ಬದಿಗಿಟ್ಟರೆ, 30ರಿಂದ 37 ತಿಂಗಳು. ಅದೇ ನಷ್ಟ 1,00,000 ಡಾಲರ್ ಎಂದು ತೋರಿಸಿಕೊಟ್ಟರೆ 15ನೇ ಹಂತ, 18ರಿಂದ 24 ತಿಂಗಳು. ಶಿಕ್ಷೆಗೆ ಮೊದಲು ಪ್ರೊಬೇಷನ್ ಅಧಿಕಾರಿ ಬರೆಯುವ ವರದಿಯಲ್ಲಿ ಈ ಮೊತ್ತ ನಮೂದಾಗುತ್ತದೆ. ಕೈಗೆ ಬಂದ 14 ದಿನಗಳೊಳಗೆ ಆಕ್ಷೇಪ ಸಲ್ಲಿಸಬೇಕು. ಅಲ್ಲಿ ಒಂದು ಸಂಖ್ಯೆಯನ್ನು ಅಲ್ಲಗಳೆಯಲು ಬ್ಯಾಂಕ್ ದಾಖಲೆ ಹಿಡಿದು ಕೂರುವವರು ಬೇಕು. ಈ ಫೆಡರಲ್ ವ್ಯವಸ್ಥೆಯಲ್ಲಿ ಪೆರೋಲ್ ಇಲ್ಲ, 1987ರ ನವೆಂಬರ್ ನಂತರದ ಅಪರಾಧಗಳಿಗೆ ಅದನ್ನು ತೆಗೆದೇ ಹಾಕಿದ್ದಾರೆ. ಒಳ್ಳೆಯ ನಡತೆಗೆ ವರ್ಷಕ್ಕೆ ಹೆಚ್ಚೆಂದರೆ 54 ದಿನ ರಿಯಾಯಿತಿ. ಮಕ್ಕಳ ಓದಿನ ದುಡ್ಡಿನ ಮಾತೆತ್ತಿದವರು, ಅಪ್ಪ ಒಂದು ವರ್ಷ ಮೊದಲು ಮನೆಗೆ ಬರುವುದನ್ನು ಯಾವ ಖಾತೆಗೆ ಬರೆದಿದ್ದಾರೆ?

ನಾಲ್ಕನೆಯ ವಾದ: ಗೊತ್ತಿರುವ ಲಾಯರ್ ಇದ್ದಾರಲ್ಲ. ಹೆಚ್-1ಬಿ ವೀಸಾ ಮಾಡಿಸಿಕೊಟ್ಟವರು, ಮನೆ ಖರೀದಿಯ ಕಾಗದ ನೋಡಿದವರು, ಕನ್ನಡ ಕೂಟದಲ್ಲಿ ಸಿಗುವವರು. ಅದಿಲ್ಲದಿದ್ದರೆ ಕಂಪನಿಯ ಲಾಯರೇ ಇದ್ದಾರೆ, ಪುಕ್ಕಟೆ. ಮಂಡಿನೋವಿಗೆ ಕಣ್ಣಿನ ಡಾಕ್ಟರ ಹತ್ತಿರ ಇವರು ಹೋಗುವುದಿಲ್ಲ. ತೆರಿಗೆ ರಿಟರ್ನ್ ತುಂಬಲು ಲೆಕ್ಕಪರಿಶೋಧಕ ಸಿಪಿಎ ಬೇಕು ಎನ್ನುತ್ತಾರೆ. ಜೈಲಿನ ಪ್ರಶ್ನೆ ಬಂದಾಗ ಮಾತ್ರ ಕರಿ ಕೋಟು ಹಾಕಿದವರೆಲ್ಲ ಒಂದೇ ಎಂದು ಕಾಣುತ್ತದೆ. 94 ಫೆಡರಲ್ ಜಿಲ್ಲೆಗಳಿವೆ, ಒಂದೊಂದು ಕೋರ್ಟಿಗೂ ಅದರದೇ ಪ್ರವೇಶ, ಅದರದೇ ರೂಢಿ. ರಾಜ್ಯದ ಕೋರ್ಟಿನಲ್ಲಿ ಪಳಗಿದ ಕ್ರಿಮಿನಲ್ ವಕೀಲರಿಗೂ ಫೆಡರಲ್ ಮಾರ್ಗಸೂಚಿಯ ಲೆಕ್ಕ ಹೊಸದಾಗಿರಬಹುದು.

ಕಂಪನಿಯ ವಕೀಲರ ಮಾತು ಇನ್ನೂ ಅಪಾಯದ್ದು. ಆಂತರಿಕ ತನಿಖೆಯಲ್ಲಿ ನೌಕರ ಆಡಿದ ಮಾತಿನ ಗೋಪ್ಯತೆಯ ಹಕ್ಕು ಕಂಪನಿಯದು. ಆ ಹಕ್ಕಿನ ಬುನಾದಿ 1981ರ ಅಪ್‌ಜಾನ್ ತೀರ್ಪು. ಅದನ್ನು ಕಂಪನಿ ಯಾವತ್ತು ಬೇಕಾದರೂ ಬಿಟ್ಟುಕೊಟ್ಟು ಸರ್ಕಾರಕ್ಕೆ ಒಪ್ಪಿಸಬಹುದು. ಮಾತು ಶುರು ಮಾಡುವ ಮೊದಲು ಆ ವಕೀಲರೇ ‘ನಾನು ಕಂಪನಿಯ ಪರ, ನಿಮ್ಮ ಪರ ಅಲ್ಲ’ ಎಂದು ಎಚ್ಚರಿಸುವ ರೂಢಿಯಿದೆ. ಅವರೇ ಅಲ್ಲ ಎಂದದ್ದನ್ನು ನಮ್ಮವರು ಹೌದು ಎಂದುಕೊಂಡು ಮನಸ್ಸು ಬಿಚ್ಚುತ್ತಾರೆ.

ವಲಸೆ ವಕೀಲರೇ ಸಾಕು ಎನ್ನುವವರ ಅನಿಸಿಕೆಯಲ್ಲಿ ಅರ್ಧ ಸರಿ ಇದೆ, ಅದನ್ನು ಒಪ್ಪುತ್ತೇನೆ. ವಲಸೆ ಬಂದ ನಮ್ಮಂಥವರಿಗೆ ಕ್ರಿಮಿನಲ್ ವಕೀಲರೊಬ್ಬರೇ ಸಾಲುವುದಿಲ್ಲ. ಮೆಂಫಿಸ್‌ನಲ್ಲಿ ಹೋಟೆಲು ನಡೆಸುತ್ತಿದ್ದ ಜೇ ಲೀ 13ನೇ ವಯಸ್ಸಿಗೆ ಕೊರಿಯಾದಿಂದ ಬಂದವರು. ಮಾದಕ ವಸ್ತುವಿನ ಆರೋಪದಲ್ಲಿ ತಪ್ಪೊಪ್ಪಿಕೊಂಡರೆ ಗಡೀಪಾರು ಆಗುವುದಿಲ್ಲ ಎಂದು ಅವರ ವಕೀಲರು ಭರವಸೆ ಕೊಟ್ಟರು. ಆದರೆ ಆ ತಪ್ಪೊಪ್ಪಿಗೆಗೆ ಗಡೀಪಾರು ಕಡ್ಡಾಯವಾಗಿತ್ತು. ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಅವರಿಗೆ ನ್ಯಾಯ ಸಿಕ್ಕಿತು. ಇನ್ನೊಂದು, 2009ರದು. ಭಾರತದಿಂದ ಹೋಗಿ ನೆಲೆಸಿದ್ದವರೊಬ್ಬರಿಗೆ ವಂಚನೆ ಸಂಚಿನ ಮೊಕದ್ದಮೆಯಲ್ಲಿ ಶಿಕ್ಷೆಯಾಗಿತ್ತು. ನಷ್ಟ ಎಷ್ಟೆಂದು ಜ್ಯೂರಿ ಹೇಳಿರಲೇ ಇಲ್ಲ. ಶಿಕ್ಷೆಯ ಹೊತ್ತಿನಲ್ಲಿ ಒಪ್ಪಿಕೊಂಡ ಮೊತ್ತವನ್ನೇ ಆಧಾರವಾಗಿ ಹಿಡಿದು ಗಡೀಪಾರು ಮಾಡಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಏಕೆಂದರೆ 10,000 ಡಾಲರ್ ಮೀರಿದ ನಷ್ಟದ ವಂಚನೆಗೆ ಗ್ರೀನ್ ಕಾರ್ಡ್ ಇದ್ದವರನ್ನೂ ಹೊರಗೆ ಕಳಿಸುವ ಕಾನೂನಿದೆ. 20 ವರ್ಷ ಕಟ್ಟಿದ ಮನೆ, ಅಲ್ಲೇ ಹುಟ್ಟಿದ ಮಕ್ಕಳು ಎಲ್ಲವೂ ಒಂದು ಕಾಗದದಲ್ಲಿ ಬರೆದ ಮೊತ್ತದ ಮೇಲೆ ನಿಂತಿರುತ್ತವೆ. ಗಡೀಪಾರಿನ ಅಪಾಯವನ್ನು ತಿಳಿಸಿಹೇಳುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು 2010ರ ಪಡಿಲಾ ತೀರ್ಪು ಸ್ಪಷ್ಟಪಡಿಸಿದೆ. ಆದ್ದರಿಂದ ಕ್ರಿಮಿನಲ್ ವಕೀಲರೂ ವಲಸೆ ವಕೀಲರೂ ಸಹಿಗೆ ಮೊದಲು ಆ ಕಾಗದವನ್ನು ಒಟ್ಟಿಗೆ ಕೂತು ಓದಬೇಕು.

ಐದನೆಯ ವಾದ ದುಡ್ಡಿಲ್ಲದವರ ಎದೆಗೆ ಹೊಡೆಯುತ್ತದೆ: ಕೋರ್ಟು ಕೊಡುವ ಬಿಟ್ಟಿ ವಕೀಲರಿಂದ ಏನೂ ಆಗದು, ಸಾಲ ಮಾಡಿಯಾದರೂ ದೊಡ್ಡ ಹೆಸರನ್ನು ಹಿಡಿ. ಲಾಯರಿಗೆ ಸುರಿಯುವ ದುಡ್ಡು ದಂಡ ಎಂದ ಬಾಯಿಯಿಂದಲೇ ಈ ಮಾತೂ ಬರುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಫೆಡರಲ್ ಕೋರ್ಟಿನಲ್ಲಿ ಬಡ ಆರೋಪಿಗೆ ವಕೀಲರ ಹಕ್ಕನ್ನು ಸುಪ್ರೀಂ ಕೋರ್ಟು 1938ರಲ್ಲೇ ಸ್ಥಾಪಿಸಿತು, ಅವರಿಗೆ ಸಂಭಾವನೆ ಕೊಡುವ ಕಾಯ್ದೆ 1964ರಲ್ಲಿ ಬಂತು. ಇಂದು ಬಹುತೇಕ ಎಲ್ಲ ಜಿಲ್ಲೆಗಳಲ್ಲೂ ಫೆಡರಲ್ ಡಿಫೆಂಡರ್ ಕಚೇರಿಗಳಿವೆ. ಅಲ್ಲಿನ ವಕೀಲರು ದಿನಬೆಳಗಾದರೆ ನಿಲ್ಲುವುದು ಅದೇ ನ್ಯಾಯಾಧೀಶರ ಮುಂದೆ, ಅದೇ ಪ್ರಾಸಿಕ್ಯೂಟರರ ಎದುರು. ನಾನು ಕಂಡವರಲ್ಲಿ ಅತ್ಯಂತ ಶ್ರದ್ಧೆಯಿಂದ ಫೈಲು ಓದಿ ಬರುವವರು ಅವರೇ. ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಡಿಫೆಂಡರ್ ಕಚೇರಿ ತೆಗೆದುಕೊಳ್ಳಲಾಗದ ಮೊಕದ್ದಮೆಗಳು ಖಾಸಗಿ ವಕೀಲರ ಪಟ್ಟಿಗೆ ಹೋಗುತ್ತವೆ. 2025ರ ಜುಲೈನಲ್ಲಿ ಆ ಪಟ್ಟಿಯವರಿಗೆ ಕೊಡುವ ಹಣವೇ ಖಾಲಿಯಾಗಿ ತಿಂಗಳುಗಟ್ಟಲೆ ಪಾವತಿ ನಿಂತಿತ್ತು. ಕೋರ್ಟು ಕೊಟ್ಟ ವಕೀಲರನ್ನು ನಾವು ಆರಿಸಿಕೊಳ್ಳುವಂತಿಲ್ಲ. ಆದರೂ, ಮನೆ ಒತ್ತೆಯಿಟ್ಟು ಫೆಡರಲ್ ಅನುಭವವಿಲ್ಲದ ದೊಡ್ಡ ಹೆಸರನ್ನು ಹಿಡಿಯುವುದಕ್ಕಿಂತ ಡಿಫೆಂಡರ್ ಕಚೇರಿಯ ವಕೀಲರು ಎಷ್ಟೋ ಮೇಲು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ದುಡ್ಡು ಕೊಟ್ಟು ವಕೀಲರನ್ನು ಇಟ್ಟುಕೊಂಡವರೂ ತಜ್ಞರ ಖರ್ಚು ಭರಿಸಲಾಗದಿದ್ದರೆ ಅದಕ್ಕಾಗಿ ಕೋರ್ಟನ್ನು ಕೇಳಬಹುದು. ಆದಾಯ ಆಸ್ತಿಯ ಅಫಿಡವಿಟ್ಟನ್ನು ಮಾತ್ರ ಸತ್ಯವಾಗಿ ತುಂಬಬೇಕು, ಅಲ್ಲಿ ಸುಳ್ಳಾಡಿದರೆ ಅದೇ ಇನ್ನೊಂದು ಅಪರಾಧ.

ಆರನೆಯದು ವಾದವೂ ಅಲ್ಲ, ಆಸೆ: ಖಂಡಿತ ಬಿಡಿಸುತ್ತೇನೆ ಎನ್ನುವವರನ್ನು ಹಿಡಿ, ಒಳಗಿನವರ ಪರಿಚಯ ಇರುವವರನ್ನು ಹಿಡಿ. ಖಂಡಿತ ಎಂದವರ ಕಚೇರಿಯಿಂದ ಎದ್ದು ಬನ್ನಿ. ಫಲಿತಾಂಶಕ್ಕೆ ತಕ್ಕಂತೆ ಫೀಸು ಎಂಬ ಪದ್ಧತಿಯನ್ನೇ ಕ್ರಿಮಿನಲ್ ಮೊಕದ್ದಮೆಗಳಲ್ಲಿ ವಕೀಲರ ವೃತ್ತಿನಿಯಮ ನಿಷೇಧಿಸಿದೆ. ಕೇಳಬೇಕಾದ ಪ್ರಶ್ನೆಗಳು ಬೇರೆ: ಈ ಕೋರ್ಟಿನಲ್ಲಿ ಇಂಥ ಎಷ್ಟು ಮೊಕದ್ದಮೆ ನಡೆಸಿದ್ದೀರಿ, ವಿಚಾರಣೆಯವರೆಗೆ ಎಷ್ಟನ್ನು ಒಯ್ದಿದ್ದೀರಿ, ಕೋರ್ಟಿನಲ್ಲಿ ನಿಲ್ಲುವವರು ನೀವೋ ನಿಮ್ಮ ಕಿರಿಯರೋ, ಈ ಫೀಸಿನಲ್ಲಿ ವಿಚಾರಣೆ ಸೇರಿದೆಯೇ, ಇದೇ ತನಿಖೆಯಲ್ಲಿ ಇನ್ಯಾರ ವಕಾಲತ್ತನ್ನಾದರೂ ವಹಿಸಿದ್ದೀರಾ. ಉತ್ತರ ಬರವಣಿಗೆಯಲ್ಲಿರಲಿ. ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಇಬ್ಬರು ಸ್ನೇಹಿತರು ಖರ್ಚು ಉಳಿಸಲು ಒಬ್ಬರೇ ವಕೀಲರನ್ನು ಇಟ್ಟುಕೊಳ್ಳುತ್ತಾರೆ. ಅವರಲ್ಲೊಬ್ಬ ಸರ್ಕಾರದ ಸಾಕ್ಷಿಯಾಗಲು ಹೊರಟ ದಿನ ಆ ವಕೀಲರು ಯಾರ ಕಡೆ?

ಎಲ್ಲವನ್ನೂ ಕಳೆದುಕೊಂಡ ಮೇಲೆ ಹಿತೈಷಿಗಳು ಕೊನೆಯ ಆಸರೆಗೆ ಬರುತ್ತಾರೆ: ಆಯಿತು, ಲಾಯರ್ ಬೇಕು, ಆದರೆ ಈಗಲೇ ಯಾಕೆ, ಆರೋಪಪಟ್ಟಿ ಬರಲಿ, ಆಮೇಲೆ ನೋಡೋಣ. ಇದು ಒಪ್ಪಿಗೆಯ ವೇಷದ ನುಣುಚಾಟ. ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿಯಲ್ಲಿ 16ರಿಂದ 23 ಮಂದಿ ಇರುತ್ತಾರೆ, 12 ಮಂದಿ ಒಪ್ಪಿದರೆ ಆರೋಪಪಟ್ಟಿ ಸಿದ್ಧ. ಆ ಕೋಣೆಯೊಳಗೆ ನ್ಯಾಯಾಧೀಶರೂ ಇರುವುದಿಲ್ಲ, ನಿಮ್ಮ ವಕೀಲರಿಗೂ ಪ್ರವೇಶವಿಲ್ಲ. ಹಾಗಾಗಿ ವಕೀಲರು ಏನಾದರೂ ಮಾಡಬಲ್ಲರಾದರೆ ಆ ಕೋಣೆಯ ಬಾಗಿಲು ತೆರೆಯುವ ಮೊದಲು: ಪ್ರಾಸಿಕ್ಯೂಟರರ ಜೊತೆ ಮಾತಾಡಬಹುದು, ದಾಖಲೆ ತೋರಿಸಬಹುದು, ನೀವು ಬರೀ ಸಾಕ್ಷಿಯೋ ಗುರಿಯೋ ಎಂದು ಕೇಳಿ ತಿಳಿಯಬಹುದು, ಗಾಬರಿಯಲ್ಲಿ ಇಮೇಲ್ ಅಳಿಸಿಹಾಕಿ ಹೊಸ ಅಪರಾಧ ಮೈಮೇಲೆ ಎಳೆದುಕೊಳ್ಳದಂತೆ ನಿಮ್ಮನ್ನು ತಡೆಯಬಹುದು. ಅಟ್ಟ ಮೇಲೆ ಒಲೆ ಉರಿದು ಪ್ರಯೋಜನವಿಲ್ಲ ಎಂಬ ಗಾದೆಯೂ ನಮ್ಮಲ್ಲಿದೆ. ಕುಂಬಳಕಾಯಿಯದು ನೆನಪಿದ್ದವರಿಗೆ ಇದೂ ನೆನಪಿರಬೇಕಿತ್ತು.

ಒಮ್ಮೆ ಮೊದಲ ಹಾಜರಿಯ ದಿನ ಕೋರ್ಟಿನ ಮೊಗಸಾಲೆಯಲ್ಲಿ ಕಾಯುತ್ತಿದ್ದೆ. ಸ್ವೆಟರಿನ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ಬೆಂಚಿನಿಂದ ಎದ್ದು ಬಂದರು. ಮಗನ ಮನೆಗೆಂದು ಊರಿನಿಂದ ಬಂದವರಂತೆ. ನನ್ನ ಕೊರಳಿನ ಗುರುತಿನ ಚೀಟಿ ನೋಡಿ, ‘ಕನ್ನಡದೋರಾ?’ ಎಂದರು. ಹೌದಮ್ಮ ಎಂದೆ. ‘ಆವತ್ತು ಮನೆಗ್ ಬಂದಿದ್ರಲ್ಲ, ಅವರ ಹತ್ರ ಇವನು ಎರಡು ಗಂಟೆ ಮಾತಾಡ್ಬಿಟ್ಟಿದಾನೆ. ನಾನೇ ಕಾಫಿ ಕೊಟ್ಟೆ. ಈಗ ಅದನ್ನ ಬೇಡ ಅನ್ನಕ್ಕಾಗತ್ತಾ?’ ದುಭಾಷಿ ಕಾನೂನಿನ ಸಲಹೆ ಕೊಡುವಂತಿಲ್ಲ. ಅದು ನಮ್ಮ ಕೆಲಸದ ಕಟ್ಟಳೆ, ಆ ದಿನವೂ ಮೀರಲಿಲ್ಲ.

‘ಅದನ್ನ ನಿಮ್ಮ ಲಾಯರನ್ನ ಕೇಳಬೇಕಮ್ಮ’ ಎಂದೆ.

‘ಯಾವ ಲಾಯರು?’ ಎಂದರು.